ಮೂವತ್ತನಾಲ್ಕು ಕಿಲೋ

ಪಾವಗಡದ ಕಡೆಯ ಒಂದು ಊರು. ಜಗಲಿಯ ಮೇಲೆ ಬಿತ್ತನೆಗೆ ಕಡ್ಲೆಕಾಯಿ ಸುಲಿಯುವ ಕೆಲಸ ನಡೆದಿದೆ. ಕರೆಂಟು ಹೋಗಿ ಒಂದು ಗಂಟೆಯಾಗಿದೆ. ಮಾತಾಡುತ್ತಿರುವವರು ಇಬ್ಬರು. ದೊಡ್ಡಪ್ಪ ಕ್ಷಯರೋಗ ವಿಭಾಗದಲ್ಲಿ ಹೆಲ್ತ್ ವಿಸಿಟರ್ ಆಗಿದ್ದವರು. ಮೂವತ್ತು ಚಿಲ್ಲರೆ ವರ್ಷ ಸೈಕಲ್ಲಿನಲ್ಲೂ ಆಮೇಲೆ ಮೊಪೆಡ್ಡಿನಲ್ಲೂ ಊರೂರು ಅಲೆದು ನಿವೃತ್ತರಾದವರು. ಮಗಳು ಅವರ ತಮ್ಮನ ಮಗಳು. ಎಂಬಿಬಿಎಸ್ ಮುಗಿಸಿ, ಗ್ರಾಮೀಣ ಸೇವೆಗೆಂದು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಎಂಟು ತಿಂಗಳಾಗಿದೆ. ನಾನು ಸುಲಿಯುವವನು, ಕೇಳುವವನು.

ಮಗಳು: ಇವತ್ತು ಒಬ್ಬ ಪೇಷಂಟಿಗೆ ಚೆನ್ನಾಗಿ ಗದರಿಬಿಟ್ಟೆ ದೊಡ್ಡಪ್ಪ. ಬೆಂಗಳೂರಿನಲ್ಲಿ ಗಾರೆ ಕೆಲಸ. ಮೂವತ್ತೊಂದು ವರ್ಷ. ಟಿ.ಬಿ. ಮಾತ್ರೆ ಎರಡು ತಿಂಗಳು ನುಂಗಿ ನಿಲ್ಲಿಸಿದ್ದಾನೆ, ಈಗ ಕಫದಲ್ಲಿ ರಕ್ತ ಅಂತ ಬಂದಿದ್ದಾನೆ. ಮಾತ್ರೆ ಪುಕ್ಕಟೆ, ಪರೀಕ್ಷೆ ಪುಕ್ಕಟೆ, ಮೇಲೆ ತಿಂಗಳಿಗೆ ಸಾವಿರ ರೂಪಾಯಿ. ಇಷ್ಟಾದರೂ ನಿಲ್ಲಿಸ್ತಾರೆ ಅಂದರೆ ಏನು ಹೇಳೋದು?

ದೊಡ್ಡಪ್ಪ: ತೂಕ ಎಷ್ಟಿತ್ತು?

ಮಗಳು: ಮೂವತ್ತನಾಲ್ಕು.

ದೊಡ್ಡಪ್ಪ: ಗಂಡಸು?

ಮಗಳು: ಹೂಂ. ಮೂವತ್ತೈದರ ಒಳಗಿದ್ದರೆ ದಿನಕ್ಕೆ ಎರಡು ಮಾತ್ರೆ, ಮೂವತ್ತೈದು ಮುಟ್ಟಿದರೆ ಮೂರು. ಎರಡು ಬರೆದೆ. ಮಾತ್ರೆಗೆ ಬಗ್ಗದ ಕ್ರಿಮಿಯೇನಾದರೂ ಇದೆಯಾ ಅಂತ ಕಫ ಪರೀಕ್ಷೆಗೂ ಕಳಿಸಿದ್ದೀನಿ. ನನ್ನ ಕಡೆಯಿಂದ ಏನೂ ಬಾಕಿ ಇಲ್ಲ.

ದೊಡ್ಡಪ್ಪ: ಸಿಮೆಂಟು ಮೂಟೆ ಐವತ್ತು ಕಿಲೋ ತೂಗುತ್ತೆ ಕಣಮ್ಮ. ತನಗಿಂತ ಭಾರದ್ದನ್ನ ಹೊತ್ತು ಮೂರನೇ ಅಂತಸ್ತು ಹತ್ತುತ್ತಿದ್ದ ಅವನು. ತೂಕದ ಮಿಷನ್ನು ಎಷ್ಟು ಮಾತ್ರೆ ಅಂತ ನಿನಗೆ ಹೇಳಿತು, ಸರಿ. ಯಾಕೆ ನಿಲ್ಲಿಸಿದೆ ಅಂತ ಅವನನ್ನ ಕೇಳಿದ್ಯಾ?

ಮಗಳು: ಕೇಳಿದೆ. ‘ಮಾತ್ರೆ ನುಂಗಿದರೆ ಹೊಟ್ಟೆ ಹಸಿಯುತ್ತೆ ಮೇಡಂ’ ಅಂದ. ಅದೂ ಒಂದು ಕಾರಣವಾ? ಹಸಿವಾದರೆ ಗುಣ ಆಗ್ತಿದೆ ಅಂತ ಅರ್ಥ.

ದೊಡ್ಡಪ್ಪ: ಉಣ್ಣೋಕೆ ಇದ್ದೋನಿಗೆ ಹಾಗೆ. ಇಲ್ಲದೋನಿಗೆ ಅದು ಇನ್ನೊಂದು ಕಾಯಿಲೆ. ನನ್ನ ಸರ್ವೀಸಿನಲ್ಲಿ ಈ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕವಿಲ್ಲ. ನಾನೂ ಗದರಿದೀನಿ. ರಿಜಿಸ್ಟರಿನಲ್ಲಿ ಇಂಥೋರ ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ ‘ಡಿಫಾಲ್ಟರ್’ ಅಂತ ಬರೀತಿದ್ದೆ. ಬ್ಯಾಂಕಿನ ಸಾಲ ತೀರಿಸದೆ ತಲೆ ತಪ್ಪಿಸಿಕೊಂಡು ತಿರುಗೋನಿಗೆ ಹೇಳೋ ಮಾತು. ನಾವು ಅವರಿಗೆ ಯಾವ ಸಾಲ ಕೊಟ್ಟಿದ್ವಿ? ಆಮೇಲೆ ಮೇಲಿನೋರೇ ಆ ಪದ ತೆಗೆಸಿದರು. ಪದ ಹೋಯಿತು, ಗದರೋದು ಹೋಗಲಿಲ್ಲ, ನೀನೇ ಸಾಕ್ಷಿ.

ಮಗಳು: ನಾನು ಓದಿಲ್ಲ ಅಂದುಕೊಂಡ್ರಾ? ‘ಆರೋಗ್ಯದ ಸಾಮಾಜಿಕ ನಿರ್ಧಾರಕಗಳು’. ನಮ್ಮ ಪಾರ್ಕ್ ಪಠ್ಯಪುಸ್ತಕದಲ್ಲಿದೆ. ಮನೆ, ಊಟ, ನೀರು, ಓದು, ಕೂಲಿ, ಜಾತಿ, ಹೆಣ್ಣೋ ಗಂಡೋ ಅನ್ನೋದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ.

ದೊಡ್ಡಪ್ಪ: ಐದಕ್ಕೆ ಎಷ್ಟು ಬಂತು?

ಮಗಳು: ನಾಲ್ಕು.

ದೊಡ್ಡಪ್ಪ: ಉಳಿದ ಒಂದು ಅಂಕಕ್ಕೆ ಇವತ್ತು ಬಂದಿದ್ದ ನೋಡು ಅವನು.

(ಇಲ್ಲಿ ನನಗೆ ನಗು ಬಂತು. ಮಗಳಿಗೆ ಬರಲಿಲ್ಲ.)

ಮಗಳು: ಹಾಸ್ಯ ಇರಲಿ. ಟಿ.ಬಿ. ಬರೋದು ಕ್ರಿಮಿಯಿಂದ. ರಾಬರ್ಟ್ ಕಾಖ್ 1882ರ ಮಾರ್ಚ್ 24ಕ್ಕೆ ಬರ್ಲಿನ್ನಿನಲ್ಲಿ ಅದನ್ನ ತೋರಿಸಿದ. ಬಡತನದಲ್ಲಿ ಕ್ರಿಮಿ ಹುಟ್ಟಲ್ಲ. ಅರಮನೆಗೂ ಬರುತ್ತೆ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ತೀರಿಕೊಂಡಿದ್ದು ಇದೇ ಕಾಯಿಲೆಯಲ್ಲಿ. ಮೈಸೂರಿನ ಸ್ಯಾನಟೋರಿಯಂಗೆ ಅವರದೇ ಹೆಸರು.

ದೊಡ್ಡಪ್ಪ: ಬರುತ್ತೆ. ಆದರೆ ಅರಮನೆಗೆ ಬಂದರೆ ಅದು ಚರಿತ್ರೆ. ಶೆಡ್ಡಿಗೆ ಬಂದರೆ ನನ್ನ ರಿಜಿಸ್ಟರಿನ ನಲವತ್ತನೇ ಸಾಲು. ಕ್ರಿಮಿ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಜಗತ್ತಿನ ಜನರಲ್ಲಿ ಕಾಲುಭಾಗದ ಮೈಯೊಳಗೆ ಆ ಕ್ರಿಮಿ ಹೊಕ್ಕಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಅವರಲ್ಲಿ ಕಾಯಿಲೆ ಬೀಳೋದು ನೂರಕ್ಕೆ ಐದೋ ಹತ್ತೋ. ಆ ಐದು-ಹತ್ತು ಯಾರು ಅನ್ನೋದಲ್ವೇ ಪ್ರಶ್ನೆ?

ಮಗಳು: ಈಗ ಬೀಜ, ಹೊಲ ಅಂತ ಉಪಮೆ ಶುರು ಮಾಡಬೇಡಿ. ಕೈಯಲ್ಲಿ ಕಡ್ಲೆಕಾಯಿ ಬೇರೆ ಇದೆ.

ದೊಡ್ಡಪ್ಪ: ಮಾಡಲ್ಲ. ನಮ್ಮ ಜಿಲ್ಲೆಯದೇ ಒಂದು ಕಥೆ ಹೇಳ್ತೀನಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆಯಲ್ಲ, 1959ರಲ್ಲಿ ಶುರುವಾದದ್ದು, ನಾನು ತರಬೇತಿ ತಗೊಂಡಿದ್ದು ಅಲ್ಲೇ. ಶುರುವಿನಲ್ಲೇ ಅಲ್ಲಿಯವರು ಆರಿಸಿಕೊಂಡಿದ್ದು ತುಮಕೂರು ಜಿಲ್ಲೆಯನ್ನ. ಹಳ್ಳಿಹಳ್ಳಿಗೆ ಎಕ್ಸ್‌ರೇ ಗಾಡಿ ಬಂದು ಜನರ ಎದೆ ಪರೀಕ್ಷೆ ಮಾಡಿತು. ಎಲ್ಲರೂ ಆಗ ಏನು ನಂಬಿದ್ದರು ಅಂದರೆ, ಹಳ್ಳಿಯವರಿಗೆ ರೋಗದ ಅರಿವಿಲ್ಲ, ಕೆಮ್ಮಿಕೊಂಡು ಬಿದ್ದಿರ್ತಾರೆ, ನಾವೇ ಹುಡುಕಿ ತೆಗೆದು ತಿಳಿವಳಿಕೆ ಹೇಳಬೇಕು ಅಂತ.

ಮಗಳು: ಈಗಲೂ ಹಾಗೇ ಹೇಳ್ತಾರೆ. ಜಾಗೃತಿ ಜಾಥಾ ಮಾಡಿಸ್ತಾರೆ ನಮ್ಮ ಕೈಲಿ.

ದೊಡ್ಡಪ್ಪ: ದೇಬಬರ್ ಬ್ಯಾನರ್ಜಿ ಅಂತ ಒಬ್ಬರು, ಜೊತೆಗೆ ಸ್ಟಿಗ್ ಆಂಡರ್ಸನ್ ಅಂತ ಇನ್ನೊಬ್ಬರು, ಈ ನಂಬಿಕೆಯನ್ನೇ ಪರೀಕ್ಷೆಗೆ ಹಚ್ಚಿದರು. ಎಕ್ಸ್‌ರೇಯಲ್ಲಿ ರೋಗ ಕಂಡವರ ಮನೆಗೆ ಜನರನ್ನ ಕಳಿಸಿ, ನಿಮಗೇನು ತೊಂದರೆ, ಏನು ಮಾಡಿದಿರಿ ಅಂತ ಕೇಳಿಸಿದರು. 1963ರಲ್ಲಿ ಅಚ್ಚಾಯಿತು. ರೋಗ ಇದ್ದೋರಲ್ಲಿ ನೂರಕ್ಕೆ 95 ಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಅಂತ ಗೊತ್ತಿತ್ತು. 72 ಮಂದಿ ಅದಕ್ಕಾಗಿ ಚಿಂತೆಯಲ್ಲಿದ್ದರು. ಅರ್ಧಕ್ಕಿಂತ ಒಂದಿಷ್ಟು ಹೆಚ್ಚೇ ಮಂದಿ ಡಾಕ್ಟರ ಹತ್ತಿರ, ಆಸ್ಪತ್ರೆಗೆ ಹೋಗಿ ಬಂದಿದ್ದರು.

ಮಗಳು: ಹೋಗಿ ಬಂದಿದ್ದರೆ ಮತ್ತೆ...

ದೊಡ್ಡಪ್ಪ: ಕೈಯಲ್ಲಿ ಕೆಮ್ಮಿನ ಔಷಧಿಯ ಸೀಸೆ ಹಿಡಿದು ವಾಪಸ್ ಬಂದಿದ್ದರು. ಕಫ ನೋಡಿದೋರಿಲ್ಲ. ರೋಗಿ ಬಾಗಿಲಿಗೆ ಬಂದಿದ್ದ, ನಾವು ಗುರುತು ಹಿಡಿಯಲಿಲ್ಲ. ಅರಿವಿಲ್ಲದೋರು ಹಳ್ಳಿಯವರಾಗಿರಲಿಲ್ಲ. ತರಬೇತಿಯ ಮೊದಲ ವಾರ ಇದನ್ನ ಕೇಳಿದಾಗ ನಾನು ಸುಮ್ಮನೆ ನೋಟ್ ಬರೆದುಕೊಂಡೆ. ಅರ್ಥ ಆಗಿದ್ದು ಹದಿನೈದು ವರ್ಷದ ಮೇಲೆ.

ಮಗಳು: ಆ ಅಧ್ಯಯನದಿಂದ ಏನಾದರೂ ಬದಲಾಯಿತಾ?

ದೊಡ್ಡಪ್ಪ: ಬದಲಾಯಿತು, ಅಚ್ಚಾಗೋದಕ್ಕೆ ಮೊದಲೇ. ಕ್ಷಯಕ್ಕೆ ಅಂತ ಬೇರೆ ಕೋಟೆ ಕಟ್ಟಬೇಡಿ, ಜನ ಕೆಮ್ಮಿಕೊಂಡು ಎಲ್ಲಿಗೆ ಬರ್ತಾರೋ ಆ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ನೋಡೋ ಏರ್ಪಾಡು ಮಾಡಿ ಅನ್ನೋದು 1962ರ ರಾಷ್ಟ್ರೀಯ ಕಾರ್ಯಕ್ರಮದ ತಳಪಾಯ ಆಯಿತು. ನಿನ್ನ ಆರೋಗ್ಯ ಕೇಂದ್ರದಲ್ಲಿ ಮೈಕ್ರೋಸ್ಕೋಪ್ ಇರೋದಕ್ಕೆ ತುಮಕೂರಿನ ಆ ಕೆಮ್ಮುವ ಜನವೂ ಕಾರಣ. ಜನ ಬರಲಿ ಅಂತ ಕಾಯೋದಲ್ಲ, ಜನರಿಗೆ ಅನುಕೂಲವಾಗೋ ಕಡೆ ನಾವು ಇರಬೇಕು. ಆದರೆ ಕಟ್ಟಡ ಹತ್ತಿರ ಬಂತೇ ಹೊರತು ಹೊತ್ತು ಹತ್ತಿರ ಬರಲಿಲ್ಲ.

ಮಗಳು: ಅಂದರೆ?

ದೊಡ್ಡಪ್ಪ: ಡಾಟ್ಸ್ ಬಂತಲ್ಲ, ರೋಗಿ ನಮ್ಮ ಕಣ್ಮುಂದೆ ನುಂಗಬೇಕು ಅನ್ನೋದು, ವಾರಕ್ಕೆ ಮೂರು ಸಲ. ನಮ್ಮ ಬಾಗಿಲು ತೆಗೀತಿದ್ದದ್ದು ಒಂಬತ್ತೂವರೆಗೆ. ಮೇಸ್ತ್ರಿ ಕೂಲಿಯವರನ್ನ ಟ್ರ್ಯಾಕ್ಟರಿಗೆ ಹತ್ತಿಸಿಕೊಳ್ತಿದ್ದದ್ದು ಏಳಕ್ಕೆ. ಮಾತ್ರೆ ಪುಕ್ಕಟೆ ಅಂತೀಯಲ್ಲ, ಅದರ ಬೆಲೆ ವಾರಕ್ಕೆ ಮೂರು ದಿನದ ಕೂಲಿ. ಒಂದು ಊರಿನಲ್ಲಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನನ್ನೇ ಮಾತ್ರೆ ಕೊಡೋನನ್ನಾಗಿ ಮಾಡಿದೆ. ಅವನು ಬೆಳಿಗ್ಗೆ ಐದಕ್ಕೇ ಒಲೆ ಹಚ್ಚುತ್ತಿದ್ದ. ಎಂಟು ಜನ ರೋಗಿಗಳಿದ್ದರು, ಎಂಟೂ ಜನ ಪೂರ್ತಿ ನುಂಗಿದರು. ನನ್ನ ಮೇಲಧಿಕಾರಿ ಶಭಾಷ್ ಅಂದರು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿರಲಿಲ್ಲ. ಆ ಮನುಷ್ಯ ಮಾತ್ರೆ ಜೊತೆ ಒಂದೊಂದು ಬನ್ನು ಕೊಡ್ತಿದ್ದ, ಅದು ನನಗೆ ಗೊತ್ತಾಗಿದ್ದು ಕಡೆಯಲ್ಲಿ.

ಮಗಳು: ಬನ್ನು ಕೊಟ್ಟಿದ್ದಕ್ಕೇ ಗುಣವಾಯಿತು ಅಂತೀರಾ? ಅದಕ್ಕೆ ನನ್ನ ಹತ್ತಿರ ಉತ್ತರ ಇದೆ. ಮದ್ರಾಸಿನ ಅಧ್ಯಯನ. 1956ರಲ್ಲಿ ಶುರು ಮಾಡಿದ್ದು. ನೂರ ತೊಂಬತ್ತಮೂರು ಜನ ಬಡ ರೋಗಿಗಳು. ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನ ಸ್ಯಾನಟೋರಿಯಂಗೆ ಹಾಕಿದರು. ಒಳ್ಳೆ ಊಟ, ಗಾಳಿ, ವಿಶ್ರಾಂತಿ, ನರ್ಸು. ಇನ್ನರ್ಧ ಜನರನ್ನ ಅವರವರ ಕಿಷ್ಕಿಂಧೆ ಮನೆಗೇ ಕಳಿಸಿ ಅದೇ ಮಾತ್ರೆ ಕೊಟ್ಟರು. ವರ್ಷದ ಕೊನೆಗೆ ಎರಡು ಕಡೆಯೂ ಗುಣವಾದೋರ ಲೆಕ್ಕ ಹೆಚ್ಚುಕಮ್ಮಿ ಒಂದೇ. ಸ್ಯಾನಟೋರಿಯಂನೋರು ದಪ್ಪಗಾದರು ಅಷ್ಟೆ. ಊಟ ಇರಲಿ ಬಿಡಲಿ, ಮಾತ್ರೆ ಸಾಕು ಅಂತ ಅಲ್ಲವಾ ಅದರ ಅರ್ಥ?

ದೊಡ್ಡಪ್ಪ: ಎಲ್ಲರೂ ಹಾಗೇ ಓದಿದರು. ಅದೇ ಎಡವಟ್ಟಾಗಿದ್ದು.

ಮಗಳು: ಅಧ್ಯಯನ ತಪ್ಪಾ?

ದೊಡ್ಡಪ್ಪ: ಅಯ್ಯೋ, ಅಧ್ಯಯನ ಬಂಗಾರ. ದೇಶದಲ್ಲಿ ಲಕ್ಷಗಟ್ಟಲೆ ರೋಗಿಗಳು, ಹಾಸಿಗೆಗಳು ಕೈಬೆರಳಲ್ಲಿ ಎಣಿಸುವಷ್ಟು. ಹಾಸಿಗೆ ಸಿಗದೇ ಹೋದರೂ ಮನೆಯಲ್ಲೇ ಗುಣವಾಗಬಹುದು ಅಂತ ಅದು ತೋರಿಸಿಕೊಟ್ಟಿತು. ಬಡವನಿಗೆ ಅದಕ್ಕಿಂತ ದೊಡ್ಡ ಉಪಕಾರ ಯಾವುದು? ಆದರೆ ಅದು ಕೇಳಿದ್ದ ಪ್ರಶ್ನೆ ಒಂದು, ನಾವು ತೆಗೆದುಕೊಂಡ ಉತ್ತರ ಇನ್ನೊಂದು. ಕ್ರಿಮಿ ಸಾಯೋಕೆ ಸ್ಯಾನಟೋರಿಯಂ ಬೇಕೇ ಅಂತ ಅವರು ಕೇಳಿದರು, ಬೇಡ ಅಂತ ಉತ್ತರ ಬಂತು. ಹಸಿದ ಮನೆಯಲ್ಲಿ ಮುಂದಿನ ರೋಗಿ ಹುಟ್ಟುತ್ತಾನೋ ಇಲ್ಲವೋ ಅಂತ ಅವರು ಊಟ ಹಾಕಿ ನೋಡಿರಲಿಲ್ಲ. ಇಲಾಖೆಗೆ ಮಾತ್ರ ಹಾಯೆನಿಸಿತು. ಅಕ್ಕಿ-ಬೇಳೆ ನಮ್ಮ ಜವಾಬ್ದಾರಿ ಅಲ್ಲ, ವಿಜ್ಞಾನವೇ ಹೇಳಿಬಿಟ್ಟಿದೆ ಅಂತ. ಐವತ್ತು ಅರುವತ್ತು ವರ್ಷ ಹಾಗೇ ನಡೆಯಿತು.

ಮಗಳು: ಆ ಇನ್ನೊಂದು ಪ್ರಶ್ನೆ ಕೇಳಿದೋರು ಯಾರು ಹಾಗಾದರೆ?

ದೊಡ್ಡಪ್ಪ: ನಮ್ಮ ಮಂಗಳೂರಿನಲ್ಲೇ ಇದ್ದಾರೆ. ಯೇನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ, ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಜಾರ್ಖಂಡಿನ ನಾಲ್ಕು ಜಿಲ್ಲೆಯಲ್ಲಿ 2,800 ರೋಗಿಗಳು, ಅವರ ಮನೆಗಳಲ್ಲಿದ್ದ 10,345 ಜನ. ರೋಗಿಗಳಿಗೆಲ್ಲ ತಿಂಗಳಿಗೆ ಹತ್ತು ಕಿಲೋ ದಿನಸಿ ಕೊಟ್ಟರು. ಅಕ್ಕಿ, ಸತ್ತು ಅನ್ನೋ ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. ರೋಗಿಗೆ ಕೊಡದೆ ಹೋಲಿಸಿ ನೋಡೋಣ ಅನ್ನೋದು ನ್ಯಾಯವಲ್ಲ ಅಂತ ಎಲ್ಲರಿಗೂ ಕೊಟ್ಟರು. ಹೋಲಿಸಿದ್ದು ಮನೆಯವರನ್ನ. ಅರ್ಧ ಊರುಗಳಲ್ಲಿ ಮನೆಯವರಿಗೂ ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ವಿಟಮಿನ್ ಮಾತ್ರೆ. ಇನ್ನರ್ಧ ಊರುಗಳ ಮನೆಯವರಿಗೆ ಇಲ್ಲ. 2023ರ ಆಗಸ್ಟಿನಲ್ಲಿ ಫಲಿತಾಂಶ ಲ್ಯಾನ್ಸೆಟ್‌ನಲ್ಲಿ ಬಂತು. ದಿನಸಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬಿದ್ದೋರು ನೂರಕ್ಕೆ 39ರಷ್ಟು ಕಮ್ಮಿ. ಕಫದಿಂದ ಇನ್ನೊಬ್ಬರಿಗೆ ಹರಡೋ ಜಾತಿಯದ್ದು 48ರಷ್ಟು ಕಮ್ಮಿ.

ಮಗಳು: ಅರ್ಧದಷ್ಟು?

ದೊಡ್ಡಪ್ಪ: ಹೆಚ್ಚುಕಮ್ಮಿ ಅರ್ಧ. ಲಸಿಕೆಯಲ್ಲ, ಹೊಸ ಔಷಧಿಯಲ್ಲ. ನಮ್ಮ ಊರ ಸೊಸೈಟಿಯಲ್ಲಿ ಮೂಟೆ ಕಟ್ಟಿ ಇಟ್ಟಿರೋ ಅಕ್ಕಿ, ಬೇಳೆ. ರೋಗಿಗಳದು ಇನ್ನೊಂದು ಲೆಕ್ಕ. ಚಿಕಿತ್ಸೆ ಶುರು ಮಾಡಿದಾಗ ಐದು ಜನರಲ್ಲಿ ನಾಲ್ಕು ಜನ ಇರಬೇಕಾದ್ದಕ್ಕಿಂತ ಕಮ್ಮಿ ತೂಕ, ಅರ್ಧದಷ್ಟು ಜನ ಬರೀ ಮೂಳೆಚಕ್ಕಳ. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದೋರಲ್ಲಿ ಸಾವಿನ ಅಪಾಯ 61ರಷ್ಟು ಇಳಿದಿತ್ತು. ನಿನ್ನ ಪೇಷಂಟಿಗೆ ಲೆಕ್ಕ ಹಾಕು. ಐದು ಪರ್ಸೆಂಟ್ ಅಂದರೆ ಎಷ್ಟು?

ಮಗಳು: ಒಂದು ಕಿಲೋ ಏಳುನೂರು ಗ್ರಾಂ.

(ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ಮುಂದಿನ ಮೊರದಲ್ಲಿ ಸುಲಿದ ಕಡ್ಲೆಬೀಜ ಅಷ್ಟೇ ಇತ್ತೇನೋ.)

ಮಗಳು: ಒಪ್ಪಿದೆ. ಆದರೆ ನನಗೊಂದು ಭಯ ಇದೆ. ಊಟ, ಮನೆ, ಸಮಾಜ ಅಂತ ಭಾಷಣ ಮಾಡ್ತಾ ಮಾಡ್ತಾ ಮಾತ್ರೆಯನ್ನೇ ಮರೀತಾರೆ ಜನ. 2024ರಲ್ಲಿ ದೇಶದ ಎಷ್ಟೋ ಕಡೆ ಟಿ.ಬಿ. ಮಾತ್ರೆ ಸರಬರಾಜೇ ನಿಂತು ರೋಗಿಗಳು ಪರದಾಡಿದರು. ಆಗ ಯಾರಾದರೂ ನನ್ನ ಮುಂದೆ ನಿಂತು ‘ಸಾಮಾಜಿಕ ನಿರ್ಧಾರಕ’ ಅಂದಿದ್ದರೆ ಹೊಡೀತಿದ್ದೆ. ನಿಮ್ಮ ಅದೇ ಬೆಂಗಳೂರಿನ ಸಂಸ್ಥೆ 1960ರ ದಶಕದಲ್ಲಿ ಬೆಂಗಳೂರು ಸುತ್ತಿನ ಹಳ್ಳಿಗಳಲ್ಲಿ ಐದು ವರ್ಷ ಲೆಕ್ಕ ಇಟ್ಟಿತ್ತಲ್ಲ? ಸರಿಯಾದ ಚಿಕಿತ್ಸೆ ಇಲ್ಲದೆ ಕಫದಲ್ಲಿ ಕ್ರಿಮಿ ಇದ್ದೋರಲ್ಲಿ ನೂರಕ್ಕೆ 49 ಮಂದಿ ಐದು ವರ್ಷದೊಳಗೆ ತೀರಿಕೊಂಡರು. ಬರೀ ಬನ್ನಿನಿಂದ ಅವರು ಉಳೀತಿರಲಿಲ್ಲ.

ದೊಡ್ಡಪ್ಪ: ಇದು ಸರಿಯಾದ ಮಾತು. ನಾನು ಕೆಲಸಕ್ಕೆ ಸೇರಿದಾಗ ಹನ್ನೆರಡು, ಹದಿನೆಂಟು ತಿಂಗಳ ಚಿಕಿತ್ಸೆ. ದಿನಾ ಸ್ಟ್ರೆಪ್ಟೊಮೈಸಿನ್ ಸೂಜಿ, ಕುಂಡಿಯಲ್ಲಿ ಚುಚ್ಚೋಕೆ ಮಾಂಸ ಹುಡುಕಬೇಕಿತ್ತು. ಆರು ತಿಂಗಳ ಮಾತ್ರೆ ಬಂದಾಗ ಕುಣಿದಾಡಿದ್ದೆ. ಮಾತ್ರೆ ಬೇಡ ಅನ್ನೋನು ಮೂರ್ಖ. ಮಾತ್ರೆಯಷ್ಟೇ ಸಾಕು ಅನ್ನೋನು ಜಾಣ. ಅವನಿಗೆ ಕೆಲಸ ಕಮ್ಮಿ.

ಮಗಳು: ಇಂಗ್ಲೆಂಡಿನಲ್ಲಿ ಸ್ಟ್ರೆಪ್ಟೊಮೈಸಿನ್ ಬರೋದಕ್ಕೆ ಎಷ್ಟೋ ಮೊದಲೇ ಕ್ಷಯದ ಸಾವು ಬಹಳಷ್ಟು ಇಳಿದಿತ್ತು ಅಂತ ಥಾಮಸ್ ಮೆಕ್‌ಕ್ಯೂನ್ ಲೆಕ್ಕ ತೋರಿಸಿದ್ದು ನೆನಪಿದೆ. ಜನರ ಊಟ ಸುಧಾರಿಸಿದ್ದೇ ಕಾರಣ ಅಂದ. ಆಮೇಲೆ 1988ರಲ್ಲಿ ಸೈಮನ್ ಸ್ರೆಟರ್ ಅನ್ನೋ ಚರಿತ್ರೆಕಾರ ಜಗಳ ತೆಗೆದ. ಊಟ ತಾನಾಗಿ ಸುಧಾರಿಸಲಿಲ್ಲ, ಕ್ರೆಡಿಟ್ಟೆಲ್ಲ ಅದಕ್ಕೇ ಕೊಡಬೇಡಿ, ಊರೂರಿನ ಮುನಿಸಿಪಾಲಿಟಿಗಳು ಹಣ ಸುರಿದು ಚರಂಡಿ, ನೀರು, ಮನೆ ಮಾಡಿದ್ದನ್ನ ಮರೀಬೇಡಿ ಅಂತ.

ದೊಡ್ಡಪ್ಪ: ಎರಡನೆಯೋನು ನನಗೆ ಹಿಡಿಸಿದ. ಬಡತನ ಹೋದರೆ ರೋಗ ಹೋಗುತ್ತೆ ಅಂತ ಸುಮ್ಮನೆ ಕೂತರೆ ಆಗಲ್ಲ. ಯಾರೋ ಎದ್ದು ಗುದ್ದಲಿ ಹಿಡೀಬೇಕು. ಆದರೆ ಯಾರಿಗೆ ಅಂತ ನೋಡಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ ಇರೋ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಹೆದರಿಕೆಯಲ್ಲೇ. ನಿವೇಶನ ಕೊಳ್ಳೋ ಶಕ್ತಿ ಇದ್ದೋರು ಹೋದರು. ಇಲ್ಲದೋರು ಪೇಟೆಯ ಕಿರಿದಾದ ಓಣಿಯಲ್ಲೇ ಉಳಿದರು. ಸಾರ್ವಜನಿಕ ಅಂತ ಹೆಸರಿಟ್ಟ ಮಾತ್ರಕ್ಕೆ ಎಲ್ಲರದ್ದೂ ಆಗಲ್ಲ. ನಿನ್ನ ಪೇಷಂಟು ಬೆಂಗಳೂರಲ್ಲಿ ಎಲ್ಲಿರ್ತಾನೆ?

ಮಗಳು: ಕಟ್ಟುತ್ತಿರೋ ಅಪಾರ್ಟ್‌ಮೆಂಟಿನ ಪಕ್ಕ, ತಗಡಿನ ಶೆಡ್ಡಿನಲ್ಲಂತೆ. ಅದೇ ಒಂದು ಕೋಣೆಯಲ್ಲಿ ಎಷ್ಟು ಜನ ಅಂತ ನಾನು ಕೇಳಲಿಲ್ಲ.

ದೊಡ್ಡಪ್ಪ: ಹೆಂಡತಿ ಮಕ್ಕಳ ಕಫ, ಎದೆ ನೋಡಿಸಿದ್ಯಾ?

ಮಗಳು: ಕರೆದುಕೊಂಡು ಬಾ ಅಂದಿದ್ದೀನಿ.

ದೊಡ್ಡಪ್ಪ: ಬರಲ್ಲ. ಗಂಡಸು ಕೆಮ್ಮಿದರೆ ಮನೆಯೆಲ್ಲ ಆಸ್ಪತ್ರೆಗೆ ಓಡುತ್ತೆ, ಹೆಂಗಸು ಕೆಮ್ಮಿದರೆ ‘ಧೂಳು’ ಅಂತಾರೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣೋಳು ಅವಳು. ಮುದ್ದೆ ಉಳಿದರೆ ಸಾರಿಲ್ಲ, ಸಾರು ಉಳಿದರೆ ಮುದ್ದೆ ಇಲ್ಲ. ರೋಗ ಇದೆ ಅಂತ ಗೊತ್ತಾದ ಮಾರನೇ ದಿನ ತವರಿಗೆ ಬಿಟ್ಟು ಬಂದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಮಾತ್ರೆ ಡಬ್ಬಿಯನ್ನ ರಾಗಿ ಹಿಟ್ಟಿನ ಡಬ್ಬದೊಳಗೆ ಬಚ್ಚಿಟ್ಟು ನುಂಗುತ್ತಿದ್ದ ಒಬ್ಬಾಕೆ ಇದ್ದಳು, ಅತ್ತೆಗೆ ಗೊತ್ತಾಗಬಾರದು ಅಂತ. ಮೂತ್ರ ಕೆಂಪಗೆ ಹೋಗುತ್ತಲ್ಲ ಆ ಮಾತ್ರೆಗೆ, ಅದಕ್ಕೆ ಬೆಳಗಾಗೋದರೊಳಗೆ ಬಯಲಿಗೆ ಹೋಗಿ ಬರ್ತಿದ್ದಳು. ಇದನ್ನೆಲ್ಲ ಯಾವ ಕಾಲಮ್ಮಿನಲ್ಲಿ ಬರೆಯೋದು?

ಮಗಳು: ಇರಿ, ಒಂದು ಫೋನು ಮಾಡ್ತೀನಿ. ಆ ಊರಿನ ಆಶಾ ಕಾರ್ಯಕರ್ತೆ ಎದ್ದಿರ್ತಾರೆ.

(ಫೋನು ಹತ್ತು ನಿಮಿಷ ನಡೆಯಿತು. ಈ ಕಡೆಯಿಂದ ಬರೀ ‘ಹೂಂ’, ‘ಎಷ್ಟು?’, ‘ಯಾಕೆ?’ ಕೇಳುತ್ತಿತ್ತು.)

ಮಗಳು: ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಚಿಕ್ಕದು ಎರಡೂವರೆ ವರ್ಷದ್ದು. ಹೆಂಡತಿಗೂ ಕೆಮ್ಮಿದೆಯಂತೆ ದೊಡ್ಡಪ್ಪ, ಯಾರಿಗೂ ಹೇಳಬೇಡಿ ಅಂದಿದ್ದಾಳಂತೆ. ಸಾವಿರ ರೂಪಾಯಿ ಬಂದೇ ಇಲ್ಲ. ಅವನು ಕೊಟ್ಟಿರೋ ಅಕೌಂಟು ಮುಚ್ಚಿಹೋಗಿದೆ. ಇನ್ನು ರೇಷನ್ನು... ಅಣ್ಣ ತಮ್ಮ ಭಾಗ ಆದಾಗ ಅಪ್ಪನ ಕಾರ್ಡಿನಿಂದ ಇವನ ಹೆಸರು ತೆಗೆಸಿದ್ದಾರೆ. ಹೊಸ ಕಾರ್ಡಿಗೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ಬಂದಿಲ್ಲ.

ದೊಡ್ಡಪ್ಪ: ಅಂದರೆ ಅಕ್ಕಿ ಕೊಡೋ ರಾಜ್ಯದಲ್ಲಿ ಅಕ್ಕಿ ಕೊಂಡು ಉಣ್ತಿದ್ದಾನೆ. ಸಾವಿರ ಬಂದಿದ್ದರೂ ಏನು? ದಿನಕ್ಕೆ ಮೂವತ್ಮೂರು ರೂಪಾಯಿ. ಮೊದಲು ಐನೂರೇ ಇತ್ತು, 2024ರ ನವೆಂಬರಿನಿಂದ ಸಾವಿರ ಮಾಡಿದ್ದಾರೆ, ಒಳ್ಳೇದೇ. ಆದರೆ ಅವನು ಸೈಟಿಗೆ ಹೋದರೆ ಎರಡು ದಿನದಲ್ಲಿ ದುಡಿಯೋ ದುಡ್ಡದು. ಮೈ ಸುಧಾರಿಸೋವರೆಗೆ ಮನೆಯಲ್ಲಿರು ಅಂತ ನೀನಂತೀಯ, ಯಾವ ಧೈರ್ಯದ ಮೇಲೆ ಇರಬೇಕು?

ಮಗಳು: ನಿಕ್ಷಯ್ ಮಿತ್ರ ಅಂತ ಇದೆಯಲ್ಲ, ದಾನಿಗಳು ರೋಗಿಗಳನ್ನ ದತ್ತು ತಗೊಂಡು ಆಹಾರದ ಕಿಟ್ ಕೊಡೋದು? ಒಬ್ಬ ಅಂಗಡಿ ಸಾಹುಕಾರರು ಒಪ್ಪಿದ್ದಾರೆ. ಅದರಲ್ಲಿ ಇವನನ್ನ ಸೇರಿಸಬಹುದು.

ದೊಡ್ಡಪ್ಪ: ಸೇರಿಸು, ಬೇಡ ಅನ್ನಲ್ಲ. ಹಸಿದೋನ ಮುಂದೆ ತತ್ವ ಹೇಳಬಾರದು. ಆದರೆ ಕಿಟ್ ಕೊಡೋವಾಗ ಫೋಟೋ ತೆಗೀತಾರೆ. ಹೆಂಡತಿ ಕೆಮ್ಮನ್ನೇ ಮುಚ್ಚಿಡೋ ಮನೆಗೆ ಆ ಫೋಟೋ ಏನು ಮಾಡುತ್ತೆ ಯೋಚನೆ ಮಾಡು. ಸಾಹುಕಾರರ ಮನಸ್ಸು ಮುಂದಿನ ತಿಂಗಳು ಬದಲಾದರೆ? 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಿತಲ್ಲ, ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ವೈದ್ಯಕೀಯ ನೆರವು ತಪ್ಪಬಾರದು ಅನ್ನೋದು ಅದರ ಮೊದಲ ಮಾತುಗಳಲ್ಲೊಂದು. ನಿನ್ನ ಆರೋಗ್ಯ ಕೇಂದ್ರದ ಬೀಜ ಅದೇ. ಅದು ದಾನದ ಮಾತಲ್ಲ. ನೆರಳಿನಂತೆ ಬರೋ ಹಕ್ಕಿನ ಮಾತು.

ಮಗಳು: 1978ರಲ್ಲಿ ಆಲ್ಮಾ-ಆಟಾ ಘೋಷಣೆಯಲ್ಲೂ ಅಷ್ಟೇ. ಆರೋಗ್ಯ ಇಲಾಖೆ ಒಂದರಿಂದಲೇ ಆರೋಗ್ಯ ಬರಲ್ಲ, ಕೃಷಿ, ಆಹಾರ, ಶಿಕ್ಷಣ, ವಸತಿ ಎಲ್ಲವೂ ಕೈಜೋಡಿಸಬೇಕು ಅಂತ. ಅದನ್ನೂ ಬರೆದು ಅಂಕ ತಗೊಂಡಿದ್ದೀನಿ. ಆದರೆ ದೊಡ್ಡಪ್ಪ, ಕೈಜೋಡಿಸೋದು ಅಂದರೆ ನಾನೇನು ಮಾಡಲಿ? ಕೂಲಿ ಜಾಸ್ತಿ ಮಾಡಿಸಲಾ? ಬಿಲ್ಡರ್ ಮೇಲೆ ಕೇಸ್ ಹಾಕಲಾ? ನನ್ನ ಓಪಿಡಿಯಲ್ಲಿ ದಿನಕ್ಕೆ ನೂರು ಜನ. ಇದನ್ನೇ ನನಗೆ ಯಾರೂ ಹೇಳಿಕೊಡಲ್ಲ. ಎಲ್ಲರೂ ಕಾರಣ ಹೇಳ್ತಾರೆ, ಕೆಲಸ ಹೇಳಲ್ಲ.

ದೊಡ್ಡಪ್ಪ: ಪಕ್ಕದ ತಮಿಳುನಾಡು 2022ರಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿತು. ಟಿ.ಬಿ. ಅಂತ ಗೊತ್ತಾದ ಕೂಡಲೇ ರೋಗಿಯ ತೂಕ ಎತ್ತರ ನೋಡೋದು, ಉಸಿರು ನೋಡೋದು, ಎದ್ದು ನಿಲ್ಲೋಕೆ ಆಗುತ್ತಾ ನೋಡೋದು. ತೀರಾ ಬಡಕಲಾಗಿದ್ದರೆ ಮಾತ್ರೆ ಕೊಟ್ಟು ಮನೆಗೆ ಕಳಿಸೋದಲ್ಲ, ಆಸ್ಪತ್ರೆಗೆ ಸೇರಿಸಿ ಊಟ ಹಾಕಿ ಸುಧಾರಿಸೋದು. ಅದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ತೂಕದ ಮಿಷನ್ನು ನಿನ್ನ ಹತ್ತಿರವೂ ಇದೆ. ಅದು ಹೇಳಿದ್ದನ್ನ ಮಾತ್ರೆಯ ಲೆಕ್ಕಕ್ಕೆ ಮಾತ್ರ ಬಳಸಬೇಡ. ಮೂವತ್ತನಾಲ್ಕು ಕಿಲೋ ಅಂದರೆ ಅಡ್ಮಿಟ್ ಮಾಡೋ ಕೇಸು ಅದು.

ಮಗಳು: ಹೌದು. ನಾಳೆ ತಾಲ್ಲೂಕು ಆಸ್ಪತ್ರೆಗೆ ಕಳಿಸ್ತೀನಿ. ಆಂಬುಲೆನ್ಸಿಗೆ ಹೇಳ್ತೀನಿ, ಇಲ್ಲದಿದ್ದರೆ ಅವನು ಬಸ್ಸಿನಲ್ಲಿ ಹೋಗಲ್ಲ. ಹೆಂಡತಿಯ ಕಫದ ಡಬ್ಬಿ ಆಶಾ ಕೈಲಿ ತರಿಸ್ತೀನಿ, ಊರಿಗೆ ಗೊತ್ತಾಗದ ಹಾಗೆ. ಮಕ್ಕಳಿಗೆ ತಡೆ ಮಾತ್ರೆ ಶುರು ಮಾಡಬೇಕು. ಅಕೌಂಟು ಪೋಸ್ಟ್ ಆಫೀಸಿನಲ್ಲಿ ಮಾಡಿಸಬಹುದು. ಕಾರ್ಡು?

ದೊಡ್ಡಪ್ಪ: ತಾಲ್ಲೂಕು ಆಫೀಸಿನಲ್ಲಿ ಆಹಾರ ಶಿರಸ್ತೇದಾರರು. ಕಾಯಿಲೆಯವರ ಅರ್ಜಿಯನ್ನ ಮುಂದಕ್ಕೆ ತಗೊಳ್ಳಿ ಅಂತ ಕೇಳೋಕೆ ಡಾಕ್ಟರ ಪತ್ರ ಬೇಕು. ನಾನು ಹೋಗಿ ಕೇಳಿದರೆ ‘ನಾಳೆ ಬನ್ನಿ’ ಅಂತಾರೆ. ಡಾಕ್ಟರು ಬಂದು ಎದುರಿಗೆ ಕೂತರೆ ಫೈಲು ತೆಗೀತಾರೆ. ಸೋಮವಾರ ಹತ್ತೂವರೆಗೆ ಹೋಗು, ಮೀಟಿಂಗಿಗೆ ಹೊರಡೋದರೊಳಗೆ.

ಮಗಳು: ಸೋಮವಾರ ಸಂತೆ ದಿನ. ಓಪಿಡಿ ಕಿಕ್ಕಿರಿದಿರುತ್ತೆ. ಸೀಟು ಬಿಟ್ಟು ಎಲ್ಲಿಗೆ ಹೋಗಿದ್ದಿರಿ ಅಂತ ಮೇಲಿನಿಂದ ಕೇಳಿದರೆ?

ದೊಡ್ಡಪ್ಪ: ಕ್ಷಯರೋಗಕ್ಕೆ ಚಿಕಿತ್ಸೆ ಕೊಡೋಕೆ ಹೋಗಿದ್ದೆ ಅನ್ನು.

ಕರೆಂಟು ಬಂತು. ಮಗಳು ಒಳಗಿನಿಂದ ಒಂದು ಓಪಿಡಿ ಚೀಟಿ ತಂದು, ಅದನ್ನು ಮೊರದ ಅಂಚಿನ ಮೇಲೆಯೇ ಇಟ್ಟುಕೊಂಡು ಹಿಂಬದಿಯಲ್ಲಿ ಬರೆದಳು. ನಾನು ಪಕ್ಕದಲ್ಲೇ ಇದ್ದೆ, ಓದಲು ಸಿಕ್ಕಿತು: ‘ಮಾನ್ಯ ಆಹಾರ ಶಿರಸ್ತೇದಾರರಿಗೆ. ಈ ರೋಗಿಯ ತೂಕ 34 ಕಿಲೋ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ರೇಷನ್ ಕಾರ್ಡ್ ಇಲ್ಲ. ಅರ್ಜಿ ಕೊಟ್ಟು 14 ತಿಂಗಳಾಗಿದೆ. ಇವರ ಚಿಕಿತ್ಸೆಗೆ ನಿಮ್ಮಿಂದ ಅಕ್ಕಿ ಬೇಕಾಗಿದೆ.’